ಟೈಮಿಂಗ್ ಚೈನ್ ಕೆಲಸಕ್ಕೆ ಗನ್ ಆಮೇಲೆ, ಪಿನ್ ಮೊದಲು

ಹೋದ ಭಾನುವಾರ ಯಾದಗಿರಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಎರಡು ವರ್ಷ ನನ್ನ ಹತ್ತಿರವೇ ಕೆಲಸ ಕಲಿತವನು. ಈಗ ತನ್ನೂರಲ್ಲಿ ಸ್ವಂತ ಶೆಡ್ ಹಾಕಿದ್ದಾನೆ.

"ಅಣ್ಣಾ, ಸ್ವಿಫ್ಟ್ ಡೀಸೆಲ್ ಒಂದು ಬಂದದ. ಟೈಮಿಂಗ್ ಚೈನ್ ಸೌಂಡ್ ಮಾಡ್ಲತ್ತದ. ಇಂಪ್ಯಾಕ್ಟ್ ಗನ್‌ಗೆ ಅಂತ ರೊಕ್ಕ ತೆಗೆದಿಟ್ಟೀನಿ. ಬ್ಯಾಟರಿದು ತಗೊಳ್ಲೋ, ಗಾಳಿದು ತಗೊಳ್ಲೋ?"

"ಲಾಕಿಂಗ್ ಕಿಟ್ ಅದ ಏನಪ್ಪಾ ನಿನ್ನ ಹತ್ರ?"

"ಇಲ್ಲಣ್ಣಾ. ಪೇಂಟ್ ಹಚ್ಚಿ ಗುರ್ತು ಮಾಡ್ಕೋತೀನಿ."

"ಹಂಗಾದ್ರ ಗನ್ ಈಗ ಬ್ಯಾಡ. ಆ ರೊಕ್ಕದಾಗ ಪಿನ್ ತಗೋ, ಟಾರ್ಕ್ ರೆಂಚ್ ತಗೋ. ಗಾಡಿ ಇನ್ನೂ ಬಿಚ್ಚಬ್ಯಾಡ."

ಫೋನ್‌ನಲ್ಲಿ ಇಷ್ಟೇ ಹೇಳಲು ಆಯಿತು. ಯಾಕೆ ಅಂತ ಪೂರ್ತಿ ಹೇಳಲಿಲ್ಲ. ಅವನಿಗೂ, ನಮ್ಮ ಕಡೆ ಹೊಸದಾಗಿ ಗ್ಯಾರೇಜ್ ಹಾಕುತ್ತಿರುವ ಬೇರೆ ಹುಡುಗರಿಗೂ ಉಪಯೋಗ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಹೊಸಬರಿಗೆ ಮೊದಲು ಹೆಸರು ಹೇಳಿಬಿಡುತ್ತೇನೆ. ಟೈಮಿಂಗ್ ಚೈನ್ ಅಂದರೆ ಪಿಸ್ಟನ್ ಓಡಾಟಕ್ಕೂ ವಾಲ್ವ್ ತೆರೆಯುವುದಕ್ಕೂ ಹೊತ್ತು ತಪ್ಪದಂತೆ ಇಂಜಿನ್ ಒಳಗೆ ಹಾಕಿರುವ ಚೈನ್. ಇಂಪ್ಯಾಕ್ಟ್ ಗನ್ ಅಂದರೆ ಬೋಲ್ಟ್ ಜೋರಾಗಿ ಬಿಚ್ಚುವ ಮಶೀನು. ಲಾಕಿಂಗ್ ಕಿಟ್ ಅಂದರೆ ಇಂಜಿನ್‌ನ ಶಾಫ್ಟ್‌ಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಪಿನ್‌ಗಳ ಸೆಟ್. ಟಾರ್ಕ್ ರೆಂಚ್ ಅಂದರೆ ಬೋಲ್ಟ್ ಬೇಕಾದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಅನ್ನುವ ಪಾನಾ.

ನಾವು ಮೆಕ್ಯಾನಿಕ್‌ಗಳು ಟೂಲ್ಸ್ ಕೊಳ್ಳುವಾಗ ಬಿಚ್ಚುವುದನ್ನೇ ನೆನೆಯುತ್ತೇವೆ. ಯಾವ ಪಾನಾ ಬೇಗ ಬಿಚ್ಚುತ್ತದೆ, ಯಾವ ಗನ್‌ಗೆ ಜೋರು ಜಾಸ್ತಿ, ಇದೇ ಲೆಕ್ಕ. ಟೈಮಿಂಗ್ ಚೈನ್ ಕೆಲಸದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಅಲುಗಬಾರದ್ದು ಯಾವುದು ಅಂತ ಮೊದಲು ನೋಡಬೇಕು. ಅದನ್ನು ಅಲುಗದಂತೆ ಹಿಡಿಯುವ ಸಾಮಾನಿಗೆ ಮೊದಲು ರೊಕ್ಕ ಹಾಕಬೇಕು.

ನಾನು ಕೆಲಸ ಕಲಿತಿದ್ದು ಕಲಬುರಗಿಯಲ್ಲೇ, ಒಬ್ಬ ಹಿರಿಯ ಉಸ್ತಾದರ ಕೈಯಲ್ಲಿ. ಅವರು ಅಂಬಾಸಡರ್, ಪದ್ಮಿನಿ ಕಾಲದವರು. ಆ ಇಂಜಿನ್‌ಗಳಲ್ಲೂ ಟೈಮಿಂಗ್ ಚೈನೇ ಇತ್ತು. ಆದರೆ ಗಿಡ್ಡ ಚೈನ್. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಕೆಳಗೆ ಬ್ಲಾಕಿನಲ್ಲೇ ಇರುತ್ತಿತ್ತು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್‌ನಿಂದ ಗೇಣು ದೂರ. ಎರಡು ಹಲ್ಲಿನ ಚಕ್ರ, ಎರಡಕ್ಕೂ ಒಂದೊಂದು ಚುಕ್ಕೆ. ಚುಕ್ಕೆ ಎದುರುಬದುರು ತಂದು ಕೂರಿಸಿದರೆ ಆಯಿತು. ಚಕ್ರ ಶಾಫ್ಟ್ ಮೇಲೆ ತಿರುಗದ ಹಾಗೆ ಕೀ ಇರುತ್ತಿತ್ತು. ಉಸ್ತಾದರು ಅದನ್ನು ರಿಂಗ್ ಪಾನಾ, ಗೋಟಿ (ಸಾಕೆಟ್) ಪಾನಾ, ಒಂದು ಪುಲ್ಲರ್ ಇಟ್ಟುಕೊಂಡೇ ಮಾಡಿ ಮುಗಿಸುತ್ತಿದ್ದರು. ಬೋಲ್ಟ್ ಎಷ್ಟು ಬಿಗಿ ಬೇಕು ಅನ್ನುವುದು ಅವರ ಮೊಣಕೈಗೆ ಗೊತ್ತಿತ್ತು. ಅವರ ಕೈ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ಈಗಿನ ಇಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಮೇಲೆ ಹೆಡ್‌ಗೆ ಹೋಗಿದೆ. ಬಹಳಷ್ಟರಲ್ಲಿ ಎರಡೆರಡು ಇವೆ. ಚೈನ್ ಉದ್ದವಾಗಿದೆ. ಅದು ಓಲಾಡಬಾರದು ಅಂತ ಪಕ್ಕದಲ್ಲಿ ಪ್ಲಾಸ್ಟಿಕ್ ಗೈಡ್‌ಗಳಿವೆ. ಎಳೆದು ಹಿಡಿಯಲು ಆಯಿಲ್ ಪ್ರೆಶರ್‌ನಲ್ಲಿ ಕೆಲಸ ಮಾಡುವ ಟೆನ್ಷನರ್ ಇದೆ. ಎಷ್ಟೋ ಇಂಜಿನ್‌ಗಳಲ್ಲಿ ಚಕ್ರಕ್ಕೆ ಕೀಯೂ ಇಲ್ಲ. ನಡುವಿನ ಬೋಲ್ಟ್‌ನ ಬಿಗಿ ಒಂದೇ ಅದನ್ನು ಹಿಡಿದಿರುತ್ತದೆ. ಬೋಲ್ಟ್ ಸಡಿಲ ಮಾಡಿದ ಕೂಡಲೇ ಚಕ್ರ ಶಾಫ್ಟ್ ಮೇಲೆ ಸುಮ್ನೆ ತಿರುಗುತ್ತದೆ. ಅಂಥ ಕಡೆ ಪೇಂಟ್ ಗುರುತು ಏನು ಕಾಯುತ್ತದೆ?

ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಆ ಲೆಕ್ಕ ಕಾಯುವುದೇ ಚೈನ್‌ನ ಕೆಲಸ. ಲೆಕ್ಕ ಸ್ವಲ್ಪ ತಪ್ಪಿದರೆ ಎಳೆತ ಕಮ್ಮಿ, ಹೊಗೆ, ಚೆಕ್ ಇಂಜಿನ್ ಲೈಟ್. ಜಾಸ್ತಿ ತಪ್ಪಿದರೆ ಪಿಸ್ಟನ್ ಮೇಲೆ ಬರುವಾಗ ವಾಲ್ವ್ ಇನ್ನೂ ತೆರೆದೇ ಇರುತ್ತದೆ. ಎರಡೂ ಬಡಿದುಕೊಳ್ಳುತ್ತವೆ. ಆಮೇಲೆ ಹೆಡ್ ಇಳಿಸಲೇಬೇಕು.

ನಮ್ಮ ಕಡೆ ಚೈನ್ ಬೇಗ ಸವೆಯುವುದಕ್ಕೆ ಕಾರಣ ನಾನು ಕಂಡ ಹಾಗೆ ಆಯಿಲೇ. ಚೈನ್ ರಬ್ಬರ್ ಥರ ಹಿಗ್ಗುವುದಿಲ್ಲ. ಅದರ ಪಿನ್ನು, ಬುಷ್ ಸವೆದು ಒಂದೊಂದು ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲ ಬರುತ್ತದೆ. ಎಲ್ಲ ಕೂಡಿ ಚೈನ್ ಉದ್ದವಾಗುತ್ತದೆ. ಡೀಸೆಲ್ ಇಂಜಿನ್‌ನ ಆಯಿಲ್‌ನಲ್ಲಿ ಮಸಿ ಸೇರುತ್ತಲೇ ಇರುತ್ತದೆ. ಸೇಡಂ, ವಾಡಿ ಕಡೆ ದಿನಾ ಓಡುವ ಗಾಡಿಗಳ ಏರ್ ಫಿಲ್ಟರ್ ತೆಗೆದರೆ ಸಿಮೆಂಟ್ ಲಾರಿ ಎಬ್ಬಿಸಿದ ಧೂಳು ಬೊಗಸೆ ತುಂಬ ಬರುತ್ತದೆ. ಫಿಲ್ಟರ್ ಸರಿಯಾಗಿ ಕೂತಿಲ್ಲ ಅಂದರೆ ಆ ಧೂಳು ಒಳಗೆ ಹೋಗಿ ಆಯಿಲ್ ಜೊತೆ ಅರೆಯುತ್ತದೆ. ಚೈನ್ ಲೈಫ್‌ಟೈಮ್ ಬರುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಆಯಿಲ್ ಬದಲಿಸುವುದನ್ನು ಮುಂದೂಡುತ್ತಾರೆ. ಆಮೇಲೆ ಡಿಸೆಂಬರ್‌ನ ಒಂದು ಮುಂಜಾನೆ ಗಾಡಿ ಸ್ಟಾರ್ಟ್ ಮಾಡಿದಾಗ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಎರಡು ಮೂರು ಸೆಕೆಂಡ್ ಸದ್ದು. ಆಯಿಲ್ ಪ್ರೆಶರ್ ಬಂದು ಟೆನ್ಷನರ್ ಎಳೆದುಕೊಂಡ ಕೂಡಲೇ ಸದ್ದು ನಿಲ್ಲುತ್ತದೆ. ಗಾಡಿಯವರು ಸುಮ್ಮನಾಗುತ್ತಾರೆ.

ಹಾಗಾಗಿ ಪಾನಾ ಹಿಡಿಯುವ ಮೊದಲು ಬೇಕಾದ ಟೂಲ್ ಎಂದರೆ ಸ್ಕ್ಯಾನರ್. ದುಬಾರಿಯದೇ ಬೇಕಿಲ್ಲ. ಕೋಡ್ ಓದುವಂಥದ್ದು ಸಾಕು. ಪಿ0016 ಅಂತ ಬಂದರೆ ಕ್ರ್ಯಾಂಕ್ ಸೆನ್ಸರ್ ಒಂದು ಹೇಳುತ್ತಿದೆ, ಕ್ಯಾಮ್ ಸೆನ್ಸರ್ ಇನ್ನೊಂದು ಹೇಳುತ್ತಿದೆ, ಎರಡೂ ತಾಳೆ ಆಗುತ್ತಿಲ್ಲ ಅಂತ ಅರ್ಥ. ಸದ್ದೂ ಇದೆ, ಈ ಕೋಡೂ ಇದೆ ಅಂದರೆ ಚೈನ್ ಮೇಲೆ ಅನುಮಾನ ಗಟ್ಟಿ. ಸದ್ದು ಮಾತ್ರ ಇದ್ದರೆ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಚೈನ್ ಕವರ್‌ಗೆ ಒತ್ತಿ, ಹಿಡಿಕೆಗೆ ಕಿವಿ ಕೊಟ್ಟು ಕೇಳಿ. ಆಲ್ಟರ್ನೇಟರ್ ಬೇರಿಂಗ್ ಸದ್ದನ್ನು ಚೈನ್ ಸದ್ದು ಅಂದುಕೊಂಡು ಇಂಜಿನ್ ಬಿಚ್ಚಿದವರನ್ನು ನಾನು ನೋಡಿದ್ದೇನೆ.

ಇನ್ನು ಕಿಟ್ ವಿಷಯ. ಅಂಗಡಿಗೆ ಹೋಗಿ "ಸ್ವಿಫ್ಟ್ ಟೈಮಿಂಗ್ ಕಿಟ್ ಕೊಡ್ರಿ" ಅಂದರೆ ಕೆಲಸ ಕೆಡುತ್ತದೆ. ಗಾಡಿಯ ಹೆಸರಿನ ಮೇಲೆ ಟೂಲ್ ಕೊಳ್ಳಬೇಡಿ. ಸ್ವಿಫ್ಟ್ ಒಂದನ್ನೇ ನೋಡಿ. 2005ರಲ್ಲಿ ಬಂದ 1.3 ಲೀಟರ್ ಪೆಟ್ರೋಲ್‌ನಲ್ಲಿ ಬೆಲ್ಟ್ ಇತ್ತು, ಚೈನ್ ಅಲ್ಲ. 2010ರಲ್ಲಿ ಅದರ ಜಾಗಕ್ಕೆ 1197 ಸಿಸಿಯ ಕೆ12ಎಂ ಬಂತು. ಅದಕ್ಕೆ ಚೈನ್. 2007ರಿಂದ ಬಂದ ಡೀಸೆಲ್ 1248 ಸಿಸಿಯ ಡಿ13ಎ. ಅದಕ್ಕೂ ಚೈನ್, ಆದರೆ ಕೂರಿಸುವ ರೀತಿಯೇ ಬೇರೆ. ಗಾಡಿಯ ಹೆಸರು ಒಂದೇ, ಇಷ್ಟರಲ್ಲೇ ಇಂಜಿನ್ ಮೂರು, ಕೆಲಸವೂ ಮೂರು ಥರ. ಈ ಡೀಸೆಲ್ ಇಂಜಿನ್ ಮೂಲದಲ್ಲಿ ಫಿಯೆಟ್‌ನ 1.3 ಮಲ್ಟಿಜೆಟ್. ಪುಂಟೊದಲ್ಲಿ, ಟಾಟಾ ವಿಸ್ಟಾ ಕ್ವಾಡ್ರಾಜೆಟ್‌ನಲ್ಲಿ ಇದೇ ಕುಟುಂಬದ ಇಂಜಿನ್ ಇದೆ. ಅದಕ್ಕೇ ಡಿ13ಎಗೆ ಕೊಂಡ ಲಾಕಿಂಗ್ ಕಿಟ್ ಆ ಗಾಡಿಗಳಿಗೂ ದುಡಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್ 6 ಬಂದಾಗ ಈ ಇಂಜಿನ್ ನಮ್ಮ ದೇಶದ ಹೊಸ ಕಾರುಗಳಲ್ಲಿ ನಿಂತುಹೋಯಿತು. ರಸ್ತೆಯಲ್ಲಿ ಮಾತ್ರ ಇನ್ನೂ ಬಹಳ ಇವೆ. ಕಲಬುರಗಿಯಲ್ಲಿ ಗ್ಯಾರೇಜ್ ಇಟ್ಟವರಿಗೆ ಈ ಒಂದು ಕಿಟ್ ನಷ್ಟ ಮಾಡುವುದಿಲ್ಲ.

ಕೆ12ಎಂ ಥರದ ಪೆಟ್ರೋಲ್ ಇಂಜಿನ್‌ನಲ್ಲಿ ಕೆಲಸ ಸ್ವಲ್ಪ ಹಗುರ. ಚೈನ್‌ನಲ್ಲೇ ಬೇರೆ ಬಣ್ಣದ ಕೊಂಡಿಗಳಿರುತ್ತವೆ. ಅವನ್ನು ಚಕ್ರದ ಗುರುತಿಗೆ ಹೊಂದಿಸಬೇಕು. ಒಂದು ಮಾತು ಮಾತ್ರ ನೆನಪಿಡಿ. ಕೂರಿಸಿದ ಮೇಲೆ ಇಂಜಿನ್ ಎರಡು ಸುತ್ತು ತಿರುಗಿಸಿದರೆ ಆ ಬಣ್ಣದ ಕೊಂಡಿಗಳು ಮತ್ತೆ ಅದೇ ಜಾಗಕ್ಕೆ ಬರುವುದಿಲ್ಲ. ಚಕ್ರದ ಗುರುತುಗಳು ಬಂದರೆ ಸಾಕು. ಇದು ಗೊತ್ತಿಲ್ಲದೆ ಸರಿಯಾಗಿ ಕೂತ ಚೈನನ್ನು ಗಾಬರಿಯಿಂದ ಮತ್ತೆ ಬಿಚ್ಚುತ್ತಾರೆ.

ಡೀಸೆಲ್‌ನ ಕಿಟ್‌ನಲ್ಲಿ ಮುಖ್ಯವಾಗಿ ಇರುವುದು ಕ್ಯಾಮ್‌ಶಾಫ್ಟ್ ಹಿಡಿಯುವ ಎರಡು ಪಿನ್, ಕ್ರ್ಯಾಂಕ್ ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್ ಹಿಡಿಯುವ ಒಂದು ಪಿನ್. ನೋಡಲು ಏನೂ ಅಲ್ಲ, ಅಂಗೈಯಲ್ಲಿ ಹಿಡಿಸುವ ಕಬ್ಬಿಣದ ತುಂಡುಗಳು. ಇಷ್ಟಕ್ಕೆ ಅಷ್ಟು ರೊಕ್ಕವಾ ಅಂತ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಅದರಿಂದ ಏನಾಯಿತು ಅಂತ ಹೇಳಿಬಿಡುತ್ತೇನೆ.

ಗ್ಯಾರೇಜ್ ಹಾಕಿದ ಮೂರನೇ ವರ್ಷ. ಆಳಂದದ ಒಬ್ಬ ಮಾಸ್ತರರ ಸ್ವಿಫ್ಟ್ ಡೀಸೆಲ್ ಬಂದಿತ್ತು. ಶರಣಬಸವೇಶ್ವರ ಜಾತ್ರೆ ಹತ್ತಿರ ಇತ್ತು. ಊರಿಂದ ಬೀಗರು ಬರುತ್ತಾರೆ, ಅಷ್ಟರೊಳಗೆ ಗಾಡಿ ಬೇಕು ಅಂದಿದ್ದರು. ಕಿಟ್ ಇರಲಿಲ್ಲ. ಫ್ಲೈವೀಲ್ ತೂತಿಗೆ ಸರಿಹೋಗುವ ಒಂದು ಡ್ರಿಲ್ ಬಿಟ್ ಹುಡುಕಿ ತೂರಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಏನೋ ಒಂದು. ಆ ಬಿಟ್ ಹಿಡಿದಿದೆ ಅನ್ನುವ ಧೈರ್ಯದಲ್ಲಿ ಕ್ರ್ಯಾಂಕ್ ಬೋಲ್ಟ್‌ಗೆ ಉದ್ದನೆಯ ಟಾಮಿ ರಾಡ್ ಹಾಕಿ, ಮೇಲೆ ಪೈಪ್ ಹಾಕಿ ಒತ್ತಿದೆ. ಟಪ್ ಅಂತ ಸದ್ದಾಯಿತು. ಬೋಲ್ಟ್ ಬಿಟ್ಟಿತು ಅಂದುಕೊಂಡೆ. ಮುರಿದದ್ದು ಡ್ರಿಲ್ ಬಿಟ್. ಮುರಿದ ತುಂಡು ಇಂಜಿನ್, ಗೇರ್‌ಬಾಕ್ಸ್ ಕೂಡುವ ಕಡೆಯ ಬೆಲ್ ಹೌಸಿಂಗ್ ಒಳಗೆ ಬಿತ್ತು.

ಡ್ರಿಲ್ ಬಿಟ್ ಗಡುಸಾದ ಉಕ್ಕು. ಕೊರೆಯುತ್ತದೆ, ಆದರೆ ಅಡ್ಡ ಬಲ ಬಿದ್ದರೆ ಬಾಗುವುದಿಲ್ಲ, ಮುರಿಯುತ್ತದೆ. ಆ ಒಂದು ತುಂಡಿಗಾಗಿ ಗೇರ್‌ಬಾಕ್ಸ್ ಇಳಿಸಿದೆ. ಎರಡು ದಿನ ಹೋಯಿತು. ಮಾಸ್ತರರು ಬಸ್ಸಿನಲ್ಲಿ ಬಂದು ಜಾತ್ರೆ ಮಾಡಿಕೊಂಡು ಹೋದರು. ಒಂದು ಮಾತೂ ಬೈಯಲಿಲ್ಲ. ನಾನು ಲೇಬರ್ ತಗೊಳ್ಳಲಿಲ್ಲ.

ಅದಕ್ಕೂ ಮೊದಲು ಇನ್ನೊಂದು ಗಾಡಿಯಲ್ಲಿ ಪೇಂಟ್ ಗುರುತಿನ ಪಾಠವೂ ಆಗಿತ್ತು. ಹಳೇ ಚೈನ್ ಇದ್ದಾಗಲೇ ಎಲ್ಲದಕ್ಕೂ ಬಿಳಿ ಗುರುತು ಹಾಕಿ, ಹೊಸ ಚೈನನ್ನು ಅದೇ ಗುರುತಿಗೆ ಕೂರಿಸಿದ್ದೆ. ಗಾಡಿ ಸ್ಟಾರ್ಟ್ ಆಯಿತು. ಆದರೆ ಪಿ0016 ಹೋಗಲಿಲ್ಲ. ಯೋಚನೆ ಮಾಡಿದಾಗ ಹೊಳೆಯಿತು. ಹಳೇ ಚೈನ್ ಉದ್ದವಾಗಿ ಕ್ಯಾಮ್ ಆಗಲೇ ಹಿಂದೆ ಬಿದ್ದಿತ್ತು. ನಾನು ಆ ತಪ್ಪಿಗೇ ಗುರುತು ಹಾಕಿ, ಹೊಸ ಚೈನ್‌ನಲ್ಲೂ ಅದೇ ತಪ್ಪನ್ನು ಕೂರಿಸಿದ್ದೆ. ಪಿನ್ ಹಾಗಲ್ಲ. ಫ್ಯಾಕ್ಟರಿಯಲ್ಲಿ ಕೊರೆದ ತೂತಿನಲ್ಲಿ ಅದು ಕೂರುತ್ತದೆ. ಶಾಫ್ಟ್ ಸರಿಯಾದ ಜಾಗದಲ್ಲಿದ್ದರೆ ಮಾತ್ರ ಒಳಗೆ ಹೋಗುತ್ತದೆ. ಚೈನ್ ಎಷ್ಟು ಸವೆದಿದ್ದರೂ ಅದಕ್ಕೆ ಸಂಬಂಧ ಇಲ್ಲ.

ಪಿನ್ ಕೂರಿಸಿದ ಮೇಲೆ ಅದರ ಮೇಲೆ ಬಲ ಹಾಕಬೇಡಿ. ಒಳ್ಳೆ ಕಿಟ್‌ನ ಪಿನ್ನೇ ಆಗಲಿ, ಅದು ಇರುವುದು ಜಾಗ ತೋರಿಸಲು. ಬೋಲ್ಟ್ ಬಿಚ್ಚುವಾಗ, ಬಿಗಿ ಮಾಡುವಾಗ ಎದುರು ಹಿಡಿಯಲು ಹೋಲ್ಡರ್ ಬೇರೆಯೇ ಬೇಕು. ಪುಲ್ಲಿ ಹೋಲ್ಡರ್ ಸಿಗುತ್ತದೆ. ಕ್ಯಾಮ್ ಚಕ್ರದ ತೂತುಗಳಿಗೆ ಕೂರುವ ಎರಡು ಹಲ್ಲಿನ ಹೋಲ್ಡರ್ ಸಿಗುತ್ತದೆ. ಉದ್ದನೆಯ ಹಿಡಿಕೆ ಇರುವುದನ್ನೇ ಆರಿಸಿ. ಬಿಚ್ಚಲು ಶುರು ಮಾಡುವ ಮೊದಲು ಆ ಇಂಜಿನ್‌ನ ಮ್ಯಾನ್ಯುವಲ್‌ನಲ್ಲಿ ಕ್ರ್ಯಾಂಕ್ ಬೋಲ್ಟ್ ಉಲ್ಟಾ ಥ್ರೆಡ್ಡಾ ಅಂತ ನೋಡಿ. ಕೆಲವು ಇಂಜಿನ್‌ಗಳಲ್ಲಿ ಉಲ್ಟಾ ಇರುತ್ತದೆ. ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಾ ಹೋಗಿ ಬೋಲ್ಟ್ ತುಂಡಾದರೆ ಆ ಇಂಜಿನ್ ಅಲ್ಲೇ ಕೂತಿತು.

ಗೋಟಿಗಳಲ್ಲಿ ಆರು ಮೂಲೆಯದ್ದನ್ನೇ ತಗೊಳ್ಳಿ. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ, ಆದರೆ ಗಟ್ಟಿ ಬೋಲ್ಟ್‌ನ ತಲೆ ತಿನ್ನುತ್ತದೆ. ಜೊತೆಗೆ ನಕ್ಷತ್ರದ ಆಕಾರದ ಟಾರ್ಕ್ಸ್, ಆರು ಮೂಲೆಯ ಅಲೆನ್ ಬಿಟ್‌ಗಳ ಒಂದು ಒಳ್ಳೆ ಸೆಟ್ ಬೇಕು. ರಿಂಗ್ ಪಾನಾಗಳಲ್ಲಿ ನನ್ನ ತಪಾರಿಯಾ ಕಂಪನಿಯ ಸೆಟ್ ಉಸ್ತಾದರ ಗ್ಯಾರೇಜ್ ಬಿಟ್ಟಾಗ ಕೊಂಡದ್ದು, ಇನ್ನೂ ಹೊಸದರ ಹಾಗಿದೆ.

ಟಾರ್ಕ್ ರೆಂಚ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮಲ್ಲಿ ಇದಕ್ಕೇ ಜನ ಕಂಜೂಸ್ ಮಾಡುತ್ತಾರೆ. ಒಂದು ಸಾಲದು, ಎರಡು ಬೇಕು. ಚೈನ್ ಕವರ್‌ನ ಸಣ್ಣ ಬೋಲ್ಟ್‌ಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಇರುತ್ತದೆ. ಕ್ಯಾಮ್, ಕ್ರ್ಯಾಂಕ್ ಬೋಲ್ಟ್‌ಗಳಿಗೆ 100 ದಾಟಬಹುದು. 40ರಿಂದ 200ರವರೆಗಿನ, ಚೌಕ ತಲೆ ಅರ್ಧ ಇಂಚಿನದಾದ ರೆಂಚ್ 10ನ್ನು ಅಳೆಯುವುದೇ ಇಲ್ಲ. ಅದಕ್ಕೆ 5ರಿಂದ 25ರ ಕಾಲು ಇಂಚಿನದು ಬೇರೆ ಇಟ್ಟುಕೊಳ್ಳಿ. ಅಲ್ಯೂಮಿನಿಯಂ ಬ್ಲಾಕ್‌ನಲ್ಲಿ ಸಣ್ಣ ಬೋಲ್ಟ್‌ನ ಥ್ರೆಡ್ ಹೋದರೆ ಎಷ್ಟು ಕಷ್ಟ ಅಂತ ಮಾಡಿದವರಿಗೆ ಗೊತ್ತು.

ಹಳೇ ಪುಸ್ತಕಗಳಲ್ಲಿ ಅಳತೆ ಕೆಜಿ ಮೀಟರ್‌ನಲ್ಲಿ ಇರುತ್ತದೆ. ಒಂದು ಕೆಜಿ ಮೀಟರ್ ಅಂದರೆ 9.8 ನ್ಯೂಟನ್ ಮೀಟರ್. ಸ್ಟಿಕ್ಕರ್ ಮೇಲೆ ಬರೆದು ಟೂಲ್ ಬಾಕ್ಸ್‌ಗೆ ಅಂಟಿಸಿಕೊಳ್ಳಿ. ಕೆಲವು ಬೋಲ್ಟ್‌ಗಳಿಗೆ ಇಷ್ಟು ಟಾರ್ಕ್, ಆಮೇಲೆ 90 ಡಿಗ್ರಿ ಅಂತ ಇರುತ್ತದೆ. ಅದಕ್ಕೆ ಆ್ಯಂಗಲ್ ಗೇಜ್ ಬೇಕು, ಅದು ದೊಡ್ಡ ಖರ್ಚಲ್ಲ. ಹೀಗೆ ಡಿಗ್ರಿ ಲೆಕ್ಕದಲ್ಲಿ ಬಿಗಿ ಮಾಡುವ ಬೋಲ್ಟ್‌ಗಳು ಹೆಚ್ಚಾಗಿ ಒಂದು ಸಲಕ್ಕೆ ಮಾತ್ರ. ಅವು ಎಳೆದುಕೊಂಡು ಉದ್ದವಾಗಿರುತ್ತವೆ. ಚೈನ್ ಜೊತೆ ಹೊಸ ಬೋಲ್ಟೂ ತರಿಸಿ.

ರೆಂಚ್ ಸರಿ ತೋರಿಸುತ್ತಿದೆಯಾ ಅಂತ ನಾನು ಹೀಗೆ ನೋಡುತ್ತೇನೆ. ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವ ಪರಿಚಯದ ಸಾವಕಾರರ ಹತ್ತಿರ ಸರ್ಕಾರದ ಮುದ್ರೆ ಬಿದ್ದ 20 ಕೆಜಿಯ ತೂಕದ ಕಲ್ಲು ಇದೆ. ಅದನ್ನು ಕೇಳಿ ತರುತ್ತೇನೆ. ರೆಂಚ್‌ನ ಚೌಕ ತಲೆಯನ್ನು ವೈಸ್‌ನಲ್ಲಿ ಹಿಡಿದು, ಹಿಡಿಕೆ ನೆಲಕ್ಕೆ ಸಮವಾಗಿ ಇರುವ ಹಾಗೆ ಮಾಡುತ್ತೇನೆ. ತಲೆಯ ನಡುವಿನಿಂದ ಸರಿಯಾಗಿ 40 ಸೆಂಟಿಮೀಟರ್ ಅಳೆದು ಅಲ್ಲಿ ಕಲ್ಲು ತೂಗುಬಿಡುತ್ತೇನೆ. 20 ಕೆಜಿ, 40 ಸೆಂಟಿಮೀಟರ್ ಅಂದರೆ ಸುಮಾರು 78 ನ್ಯೂಟನ್ ಮೀಟರ್. ಹಿಡಿಕೆಯ ಸ್ವಂತ ಭಾರ ಇನ್ನು ಎರಡು ಮೂರು ಕೂಡುತ್ತದೆ. ರೆಂಚ್ 75ಕ್ಕೆ ಇಟ್ಟರೆ ಕ್ಲಿಕ್ ಅನ್ನಬೇಕು. 85ಕ್ಕೆ ಇಟ್ಟರೆ ಅನ್ನಬಾರದು. ಒಳ್ಳೆ ರೆಂಚ್‌ಗೆ ನೂರಕ್ಕೆ ನಾಲ್ಕರಷ್ಟು ಆಚೀಚೆ ಆಗಲು ಐಎಸ್‌ಒ ಮಾನದಂಡದಲ್ಲೇ ಅವಕಾಶ ಇದೆ. ಅದಕ್ಕಿಂತ ತಪ್ಪಿದರೆ ಕ್ಯಾಲಿಬ್ರೇಷನ್‌ಗೆ ಕಳಿಸಬೇಕು. ಈ ರೆಂಚ್‌ನಿಂದ ಬೋಲ್ಟ್ ಬಿಚ್ಚಬಾರದು. ಕೆಲಸ ಮುಗಿದ ಮೇಲೆ ಅಳತೆಯನ್ನು ಅದರ ಅತಿ ಕಡಿಮೆ ಗೆರೆಗೆ ಇಳಿಸಿ ಇಡಬೇಕು. ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಕುಗ್ಗಿಕೊಂಡೇ ಇರುತ್ತದೆ.

ಇಂಜಿನ್ ಅಡ್ಡ ಕೂತ ಗಾಡಿಗಳಲ್ಲಿ ಚೈನ್ ಕವರ್ ಬಿಚ್ಚಬೇಕಾದರೆ ಆ ಬದಿಯಲ್ಲಿ ಇಂಜಿನ್ ಹಿಡಿದಿರುವ ಮೌಂಟಿಂಗ್ ತೆಗೆಯಬೇಕು. ಆಗ ಇಂಜಿನ್‌ಗೆ ಆಸರೆ ಬೇಕು. ಬಹಳ ಮಂದಿ ಇಂಜಿನ್ ತಳದ ಆಯಿಲ್ ತಟ್ಟೆ, ಅಂದರೆ ಸಂಪ್ ಕೆಳಗೆ ಕಟ್ಟಿಗೆ ಇಟ್ಟು ಜ್ಯಾಕ್ ಕೊಡುತ್ತಾರೆ. ಆದರೆ ಎಷ್ಟೋ ಇಂಜಿನ್‌ಗಳಲ್ಲಿ ಸಂಪನ್ನೂ ಇಳಿಸಬೇಕಾಗುತ್ತದೆ. ಜ್ಯಾಕ್ ಅಲ್ಲೇ ಇದ್ದರೆ ಹೇಗೆ ಇಳಿಸುತ್ತೀರಿ? ಅದಕ್ಕೆ ಮೇಲಿನಿಂದ ತೂಗು ಹಾಕುವ ಸಪೋರ್ಟ್ ಬಾರ್ ಒಳ್ಳೆಯದು. ನನ್ನದನ್ನು ಕಪನೂರ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ವೆಲ್ಡಿಂಗ್ ಮಾಡಿಸಿದ್ದು. ಇಂಥ ಬಾರನ್ನು ಇಲ್ಲೇ ಮಾಡಿಸಬಹುದು, ಆದರೆ ಪಿನ್ ಮಾಡಿಸಬೇಡಿ. ನೂಲೆಳೆಯಷ್ಟು ಸಡಿಲ ಇದ್ದರೂ ಪಿನ್ ಸುಳ್ಳು ಹೇಳುತ್ತದೆ. ನನ್ನ ಕಿಟ್ ಸಿಕಂದರಾಬಾದ್‌ನ ರಾಣಿಗಂಜ್‌ನಿಂದ ತಂದದ್ದು. ಮುಂಜಾನೆ ರೈಲಿಗೆ ಹೋಗಿ ರಾತ್ರಿ ವಾಪಸ್ ಬಂದೆ.

ಸಣ್ಣಪುಟ್ಟವೂ ಇವೆ. ಹಳೇ ಗ್ಯಾಸ್ಕೆಟ್ ಗಮ್ ಕೆರೆಯಲು ಪ್ಲಾಸ್ಟಿಕ್ ಕೆರೆಗೋಲು ಬೇಕು. ಕಬ್ಬಿಣದ್ದು ಅಲ್ಯೂಮಿನಿಯಂಗೆ ಗೆರೆ ಹಾಕುತ್ತದೆ, ಆ ಗೆರೆಯಲ್ಲೇ ಆಯಿಲ್ ಜಿನುಗುತ್ತದೆ. ಬಿದ್ದ ಬೋಲ್ಟ್ ಎತ್ತಲು ಉದ್ದನೆಯ ಮ್ಯಾಗ್ನೆಟ್. ಹೊಸ ಗಮ್ ಟ್ಯೂಬ್ ಮೇಲೆ ಬರೆದ ಸಮಯದೊಳಗೆ ಕವರ್ ಕೂರಿಸಿ. ಹೊಸ ಟೆನ್ಷನರ್ ಜೊತೆ ಒಂದು ಸಣ್ಣ ತಂತಿ ಪಿನ್ ಬರುತ್ತದೆ. ಚೈನ್, ಗೈಡ್ ಎಲ್ಲ ಕೂತ ಮೇಲೇ ಅದನ್ನು ಎಳೆಯಬೇಕು. ಹುಡುಗರು ಆತುರದಲ್ಲಿ ಮೊದಲೇ ಎಳೆದುಬಿಡುತ್ತಾರೆ.

ಎಲ್ಲ ಮುಗಿಯಿತು ಅಂದ ಕೂಡಲೇ ಕೀ ತಿರುಗಿಸಬೇಡಿ. ಲಾಕಿಂಗ್ ಪಿನ್‌ಗಳನ್ನು ತೆಗೆದು, ಎಣಿಸಿ, ಟ್ರೇನಲ್ಲಿ ಇಡಿ. ಕ್ರ್ಯಾಂಕ್ ಬೋಲ್ಟ್‌ಗೆ ಪಾನಾ ಹಾಕಿ ಇಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ನಿಧಾನ ತಿರುಗಿಸಿ. ಎಲ್ಲಾದರೂ ಗಟ್ಟಿ ತಡೆ ಬಂದರೆ ನಿಲ್ಲಿಸಿ. ಕೈಯಲ್ಲಿ ತಿರುಗಿಸುವಾಗ ವಾಲ್ವ್ ತಾಗಿದರೆ ತಡೆಯುತ್ತದೆ, ಸ್ಟಾರ್ಟರ್‌ನಲ್ಲಿ ತಿರುಗಿಸಿದರೆ ಬಾಗುತ್ತದೆ. ಎರಡು ಸುತ್ತು ಆದ ಮೇಲೆ ಎಲ್ಲ ಪಿನ್ ಮತ್ತೆ ಹಾಕಿ ನೋಡಿ. ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಗಬೇಕು. ಸುತ್ತಿಗೆ ಕೇಳಿತು ಅಂದರೆ ಮತ್ತೆ ಬಿಚ್ಚಿ ಕೂರಿಸಿ.

ಬೇಸಿಗೆಯಲ್ಲಿ ನಾನು ಈ ಕೆಲಸವನ್ನು ಮುಂಜಾನೆ ಆರಕ್ಕೇ ಶುರು ಮಾಡುತ್ತೇನೆ. ಹನ್ನೊಂದಾದರೆ ತಗಡಿನ ಕೆಳಗೆ ಪಾನಾ ಹಿಡಿಯಲು ಆಗುವುದಿಲ್ಲ, ಬೆವರು ಕಣ್ಣಿಗೆ ಇಳಿದು ಗುರುತು ತಪ್ಪುತ್ತದೆ. ಉಳಿದದ್ದು ಸಂಜೆಗೆ.

ಡಿ13ಎಯ ಕಿಟ್ ನನ್ನ ಹತ್ತಿರ ಇದೆ. ಕೊಳ್ಳಲು ಆಗದವರು ಬಂದು ಒಯ್ಯಬಹುದು. ನೋಟ್‌ಬುಕ್‌ನಲ್ಲಿ ಹೆಸರು, ತಾರೀಖು ಬರೆದು, ಪಿನ್ ಎಷ್ಟು ಅಂತ ಎಣಿಸಿಕೊಂಡು ಹೋಗಿ, ಎಣಿಸಿ ತಂದುಕೊಡಿ. ಟಾರ್ಕ್ ರೆಂಚ್ ಮಾತ್ರ ಕೊಡುವುದಿಲ್ಲ, ಅದನ್ನು ನೀವೇ ಕೊಳ್ಳಬೇಕು. ಯಾದಗಿರಿಯ ಹುಡುಗ ಬರುವ ಭಾನುವಾರ ಹೊಸ ರೆಂಚ್ ತಗೊಂಡು ಬರುತ್ತೇನೆ ಅಂದಿದ್ದಾನೆ. ಸಾವಕಾರರಿಗೆ 20 ಕೆಜಿ ಕಲ್ಲು ಬೇಕು ಅಂತ ಹೇಳಿಟ್ಟಿದ್ದೇನೆ. ನಿಮ್ಮ ರೆಂಚ್ ಮೇಲೂ ಅನುಮಾನ ಇದ್ದರೆ ಅವತ್ತೇ ತನ್ನಿ. ಹುಮನಾಬಾದ್ ರಿಂಗ್ ರೋಡ್ ಕಡೆಯ ಶೆಡ್‌ನಲ್ಲಿ ಏಳಕ್ಕೆಲ್ಲ ವೈಸ್ ಖಾಲಿ ಇರುತ್ತದೆ. ಒಂಬತ್ತಕ್ಕೆ ಸುಸ್ಲಾ, ಮಿರ್ಚಿ ತರಿಸುತ್ತೇನೆ.